ಎರಡು ಬೆರಳು ಚಿಕ್ಕ ರಿಂಗು

"ಬಂತು ನೋಡಿ ಪೆನ್ಷನ್ನು!" ಎನ್ನುತ್ತ ಪಕ್ಕದ ಸೀಟಿನ ದರ್ಜಿ ಕೈಯಲ್ಲಿದ್ದ ಚಹದ ಲೋಟವನ್ನು ಕಾಲ ಬಳಿ ಇಟ್ಟು ಎದ್ದು ನಿಂತ. ಅವನ ಹಿಂದೆಯೇ ಆ ಸಾಲಿಗೆ ಸಾಲೇ ಎದ್ದಿತು. ಕೆಳಗೆ, ದೀಪದ ಬೆಳಕಿಗೆ ಹೊಳೆಯುವ ಬ್ಯಾಸ್ಕೆಟ್‌ಬಾಲ್ ಅಂಕಣದ ಮರದ ನೆಲದ ಅಂಚಿನಲ್ಲಿ, ಏಳನೇ ನಂಬರಿನ ಆಟಗಾರ ಬೆಂಚಿನಿಂದೆದ್ದು ಮೇಲಂಗಿ ಕಳಚುತ್ತಿದ್ದ. ಶಿಳ್ಳೆ ಬಿತ್ತು. ಆಮೇಲೆ ಊರಿಗೆ ಊರೇ ಸೇರಿ ಒಬ್ಬನನ್ನು ಹೊರಗಟ್ಟುವಾಗ ಬರುವಂಥ ಒಂದು ಸದ್ದು ಎಲ್ಲ ಕಡೆಯಿಂದ ಎದ್ದಿತು. ರಿಪೇರಿಯಪ್ಪ ಮಾತ್ರ ಕೂತಲ್ಲೇ ಕೂತು ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡ. ಪೆನ್ಷನ್ನು ಅವನ ಮಗ.

ಹೋದ ವರ್ಷದವರೆಗೂ ಇದೇ ಜನ ಅವನನ್ನು ಗುರಿಗಾರ ಎಂದು ಕರೆಯುತ್ತಿದ್ದರು; ಈಗ, ಆಡದೆ ಕೂತು ಸಂಬಳ ಎಣಿಸುವವನೆಂದು, ಪೆನ್ಷನ್ನು. ಗುರಿಗಾರ, ಯಾರೂ ಅಡ್ಡ ಬರದೆ ಒಬ್ಬನೇ ಚೆಂಡು ಹಾಕುವ ಫ್ರೀ ಥ್ರೋ ಗೆರೆಯ ಮೇಲೆ ನಿಂತನೆಂದರೆ ಇಡೀ ಕ್ರೀಡಾಂಗಣ ಉಸಿರು ಬಿಗಿಹಿಡಿಯುತ್ತಿತ್ತು. ಎದುರು ತಂಡದವನು ನಿಂತಾಗ ಕಿವಿ ಹರಿದು ಹೋಗುವಂತೆ ಕಿರುಚುವುದು, ತಮ್ಮವನು ನಿಂತಾಗ ತುಟಿ ಹೊಲಿದುಕೊಳ್ಳುವುದು ಇಲ್ಲಿನ ಜನರ ಪದ್ಧತಿ. ಈ ವರ್ಷ ಆ ಮರ್ಯಾದೆಯೂ ಹೋಯಿತು. ಗೆರೆಯ ಮೇಲೆ ತಮ್ಮವನೇ ನಿಂತರೂ ಕಾಲು ಬಡಿಯುತ್ತಾರೆ, "ಇಳಿ, ಇಳಿ" ಎನ್ನುತ್ತಾರೆ. ಇವತ್ತೂ ಆಡದಿದ್ದರೆ ಅವನ ಜಾಗಕ್ಕೆ ಬೇರೆ ಹುಡುಗನನ್ನು ತರುತ್ತೇವೆಂದು ಕ್ಲಬ್ಬಿನವರು ಪತ್ರಿಕೆಯವರ ಮುಂದೆಯೇ ಹೇಳಿಬಿಟ್ಟಿದ್ದರು.

ಅಪ್ಪ ಅಮ್ಮ ಇಬ್ಬರಿಗೂ ಬೆಂಚಿನ ಹಿಂದೆಯೇ ಸೀಟು ಕೊಡಿಸುತ್ತಿದ್ದ ಮಗ, ಈ ಗಲಾಟೆ ಶುರುವಾದ ಮೇಲೆ ಫೋನು ಮಾಡಿ, "ಸ್ವಲ್ಪ ದಿನ ಬರಬೇಡಿ ಅಪ್ಪ. ಅದನ್ನ ನೀವು ಕೇಳಿಸ್ಕೊಳ್ಳೋದು ನಂಗೆ ಬೇಡ" ಎಂದಿದ್ದ. ಆ ಮಾತಿಗೆ ಕಟ್ಟುಬಿದ್ದು ರಿಪೇರಿಯಪ್ಪ ಮನೆಯಲ್ಲೇ ಟಿ.ವಿ. ನೋಡುತ್ತಿದ್ದ. ಹೆಂಡತಿ ಪ್ರತಿಸಲವೂ ಸದ್ದನ್ನು ಪೂರ್ತಿ ಇಳಿಸಿ, ಬರೀ ಚಿತ್ರ ನೋಡುತ್ತಿದ್ದಳು. ಇವತ್ತು ಅವನಿಗೆ ತಡೆಯಲಾಗಲಿಲ್ಲ. ಟೈರು ತರಲು ಹೋಗುತ್ತೇನೆಂದು ಸುಳ್ಳು ಹೇಳಿ ಚಪ್ಪಲಿ ಮೆಟ್ಟುತ್ತಿರುವಾಗ ಹೆಂಡತಿ ಬಾಗಿಲಿಗೆ ಬಂದು ನಿಂತಳು.

"ಟೈರು ತರೋಕೆ ಇಸ್ತ್ರಿ ಮಾಡಿದ ಅಂಗಿ ಯಾಕೆ? ಹೋಗಿ, ಬೇಡ ಅನ್ನಲ್ಲ. ಆದ್ರೆ ಅಲ್ಲಿ ಬಾಯಿ ಬಿಡಬೇಡಿ."

"ನಾನೇನು ಮಾತಾಡ್ತೀನಿ?"

"ಸೈಕಲ್ ಚಕ್ರ ಓಲಾಡಿದ್ರೆ ನೀವು ಒಂದು ಕಡ್ಡಿ ಬಿಗಿ ಮಾಡ್ತೀರಿ, ಇನ್ನೊಂದು ಸಡಿಲ ಬಿಡ್ತೀರಿ. ಮಗನ ವಿಷಯಕ್ಕೆ ಬಂದ್ರೆ ಮಾತ್ರ ಬರೀ ಬಿಗಿ."

"ನಿಂಗೆ ಆಟದ ಸೂಕ್ಷ್ಮ ಗೊತ್ತಾಗಲ್ಲ, ಸುಮ್ನಿರೇ" ಎಂದು ಹೊರಟು ಬಂದಿದ್ದ.

ಸೂಕ್ಷ್ಮ ತನಗೆ ಗೊತ್ತು ಎಂಬುದರಲ್ಲಿ ರಿಪೇರಿಯಪ್ಪನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಅವನ ಸೈಕಲ್ ಅಂಗಡಿಯ ಹಿತ್ತಲಿನಲ್ಲಿ ಹುಟ್ಟಿದ ಆಟ ಅದು. ಮಗನಿಗೆ ಏಳು ವರ್ಷ ತುಂಬಿದಾಗ ಮಕ್ಕಳ ಸೈಕಲ್ಲಿನ ಒಂದು ಹಳೇ ರಿಮ್ಮಿನ ಕಡ್ಡಿಗಳನ್ನೆಲ್ಲ ಬಿಚ್ಚಿ ಗೋಡೆಗೆ ಹೊಡೆದಿದ್ದ. ಅದು ನಿಜವಾದ ರಿಂಗಿಗಿಂತ ಎರಡು ಬೆರಳು ಚಿಕ್ಕದು. ಗೊತ್ತಿದ್ದೇ ಹಾಗೆ ಮಾಡಿದ್ದು. ಇದರಲ್ಲಿ ಹಾಕಿ ಕಲಿತವನಿಗೆ ನಾಳೆ ದೊಡ್ಡ ರಿಂಗು ಬಾವಿಯ ಹಾಗೆ ಕಾಣಬೇಕು ಎಂಬುದು ಅವನ ಲೆಕ್ಕಾಚಾರ. ಸಂಜೆ ಅಂಗಡಿ ಮುಚ್ಚಿ ರಿಂಗಿನ ಕೆಳಗೆ ನಿಂತು, ಮಗ ಚೆಂಡು ಎತ್ತುವ ಹೊತ್ತಿಗೆ ಸರಿಯಾಗಿ ದೊಡ್ಡ ಗಂಟಲಿನಲ್ಲಿ ಅಣಕಿಸುತ್ತಿದ್ದ: "ನಿನ್ ಕೈಲಾಗಲ್ಲ ಮರೀ, ಬಿಟ್ಬಿಡೋ!" ನಾಳೆ ಸಾವಿರ ಜನ ಕೂಗುತ್ತಾರೆ, ಇವತ್ತೇ ಅಭ್ಯಾಸವಾಗಲಿ. ಹುಡುಗ ಕಿಸಕ್ಕನೆ ನಗುತ್ತಿದ್ದ, ಚೆಂಡು ಹಾಕುತ್ತಿದ್ದ. ಅತ್ತರೆ ಮಾತ್ರ ಆಟ ಮುಗಿಯಿತು. ಆ ದಿನಕ್ಕೆ ಚೆಂಡು ಬೀರುವಿನ ಮೇಲೆ. ಆ ನಿಯಮವನ್ನೂ ರಿಪೇರಿಯಪ್ಪನೇ ಮಾಡಿದ್ದು. ಬರಬರುತ್ತ ಹುಡುಗ ಅಳುವುದನ್ನೇ ಬಿಟ್ಟ, ಅಣಕಿಸಿದಷ್ಟೂ ನಕ್ಕ. ತನ್ನ ಪಾಠದ ಫಲ ಅದು ಎಂದು ಅಂಗಡಿಗೆ ಬಂದವರಿಗೆಲ್ಲ ಹೇಳಿ ಮೀಸೆ ತಿರುವುತ್ತಿದ್ದ.

"ನೀವು ಹೊಸಬರಾ ಯಜಮಾನ್ರೇ? ಈ ಸಾಲಲ್ಲಿ ನೋಡಿಲ್ಲ ನಿಮ್ಮನ್ನ" ಎಂದು ದರ್ಜಿ ಕೂರುತ್ತ ಕೇಳಿದ.

"ಹ್ಞೂಂ. ಟಿ.ವಿ.ಲಿ ನೋಡ್ತಿದ್ದೆ."

"ಅಲ್ಲೇ ಚೆನ್ನಾಗಿತ್ತು, ಇಲ್ಯಾಕೆ ಬಂದ್ರಿ? ನಾವೋ, ಹಾಳು ಅಭ್ಯಾಸ." ದರ್ಜಿ ತನ್ನ ಅಂಗಿಯ ಬೆನ್ನು ತೋರಿಸಿದ. ಹಸಿರು ಬಟ್ಟೆಯ ನಡುವೆ ಹೊಲಿಗೆ ಬಿಚ್ಚಿದ ಸಣ್ಣ ಸಣ್ಣ ತೂತುಗಳಿದ್ದವು. ತೂತುಗಳ ಸಾಲು ಈಗಲೂ ಏಳರ ಆಕಾರದಲ್ಲೇ ಇತ್ತು. "ನಾನೇ ಹೊಲಿದಿದ್ದು, ನಾನೇ ಬಿಚ್ಚಿದೆ. ನನ್ನ ಮಗಳಿಗೂ ಇಂಥದ್ದೇ ಒಂದು ಹೊಲಿದುಕೊಟ್ಟಿದ್ದೆ. ಅವಳು ಬಿಚ್ಚೋಕೆ ಬಿಡ್ತಿಲ್ಲ, ಮುಟ್ಟಿದ್ರೆ ಅಳ್ತಾಳೆ. ನಮಗೆ ಖುಷಿನಾ ಹೇಳಿ, ಇವನನ್ನ ಬೈಯೋದು? ಹೊಟ್ಟೆ ಉರಿಯುತ್ತೆ ಸ್ವಾಮಿ."

ರಿಪೇರಿಯಪ್ಪನಿಗೆ ಆ ಮನುಷ್ಯನ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗಲಿಲ್ಲ. ಅದೇ ದೊಡ್ಡ ಸಂಕಟವಾಯಿತು. ಸಿಟ್ಟಾದರೂ ಬಂದಿದ್ದರೆ ಅದನ್ನು ಹಿಡಿದುಕೊಂಡು ಕೂರಬಹುದಿತ್ತು.

ಕೆಳಗೆ ಮಗ ಓಡುತ್ತಿದ್ದ. ಕಾಲು ಚೆನ್ನಾಗಿಯೇ ಇದ್ದವು. ಚೆಂಡು ಕೈಗೆ ಬಂದೊಡನೆ ಮಾತ್ರ ಬಿಸಿ ಪಾತ್ರೆ ಮುಟ್ಟಿದವನಂತೆ ಅದನ್ನು ಬೇರೆಯವರಿಗೆ ದಾಟಿಸಿಬಿಡುತ್ತಿದ್ದ. ಒಮ್ಮೆ ಎದುರಿಗೆ ಯಾರೂ ಇಲ್ಲದಾಗಲೂ ದಾಟಿಸಿದ. ಜನ ನಕ್ಕರು. ಬೈಗುಳಕ್ಕಿಂತ ಆ ನಗು ರಿಪೇರಿಯಪ್ಪನ ಕರುಳಿಗೆ ಚುಚ್ಚಿತು. ಕೊನೆಗೆ ಎದುರು ತಂಡದವನೊಬ್ಬ ಅವನ ಕೈಗೆ ಹೊಡೆದ. ತೀರ್ಪುಗಾರ ಸೀಟಿ ಊದಿದ. ಎರಡು ಫ್ರೀ ಥ್ರೋ.

ಮೊದಲನೆಯದಕ್ಕೆ ಇಡೀ ಕ್ರೀಡಾಂಗಣ ಕಾಲು ಬಡಿಯಿತು. ಸಿಮೆಂಟಿನ ಮೆಟ್ಟಿಲುಗಳು ನಡುಗಿದವು.

"ಹಾಕೋಕೆ ಮುಂಚೆ ಆ ಬಲಗಡೆ ಹೆಗಲು ನೋಡಿ" ಎಂದು ದರ್ಜಿ ಅವನ ಕಿವಿಯ ಬಳಿ ಕೂಗಿದ. "ಕಿವಿ ತನಕ ಏರುತ್ತೆ. ಯಾರೋ ಹೊಡೀತಾರೆ ಅಂತ ಕಾಯೋರ ಹಾಗೆ. ಮೊದಲಿಂದ್ಲೂ ಸ್ವಲ್ಪ ಇತ್ತು, ಈ ವರ್ಷ ಜಾಸ್ತಿ ಆಗಿದೆ. ಅದೇ ಅವನ ರೋಗ."

ಹೆಗಲು ಏರಿತು. ಚೆಂಡು ರಿಂಗಿನ ಅಂಚಿಗೆ ಬಡಿದು ಹೊರಗೆ ಹಾರಿತು.

ಆಮೇಲೆ ಆದದ್ದೇ ಬೇರೆ. ಎರಡನೆಯ ಸಲಕ್ಕೆ ಯಾರೂ ಕಾಲು ಬಡಿಯಲಿಲ್ಲ, ಕೂಗಲಿಲ್ಲ. ಹಳೆಯ ಮರ್ಯಾದೆಯ ಮೌನ ಅದಾಗಿರಲಿಲ್ಲ. ಬೈದು ಬೈದು ಬೇಸರವಾಗಿ ಕೈಚೆಲ್ಲಿದ್ದರು. ದರ್ಜಿ ತಲೆ ಅಲ್ಲಾಡಿಸುತ್ತ ಚಹದ ಲೋಟ ಹುಡುಕುತ್ತಿದ್ದ. ಕೆಲವರು ಎದ್ದು ಬಾಗಿಲ ಕಡೆ ಹೊರಟಿದ್ದರು. ಅಷ್ಟು ದೊಡ್ಡ ಜಾಗದ ನಡುವೆ ಮಗ ಒಬ್ಬನೇ ಚೆಂಡನ್ನು ನೆಲಕ್ಕೆ ಬಡಿಯುತ್ತಿದ್ದ, ಆ ಸದ್ದು ಮೇಲಿನ ಸಾಲಿಗೂ ಕೇಳಿಸುತ್ತಿತ್ತು. ರಿಪೇರಿಯಪ್ಪನಿಗೆ ಅವನು ಏಳು ವರ್ಷದವನಂತೆ ಕಂಡ. ಇಲ್ಲಿ ಅವನಿಗೆ ನನ್ನವರು ಎನ್ನುವವರು ಯಾರಿದ್ದಾರೆ? ಒಂದು ಗುರುತು, ನಮ್ಮಿಬ್ಬರಿಗೇ ಗೊತ್ತಿರುವ ಒಂದೇ ಒಂದು ಗುರುತು ಕೊಟ್ಟರೆ ಸಾಕು. ಕಿಸಕ್ಕನೆ ನಗುತ್ತಾನೆ, ನಕ್ಕರೆ ಹಾಕುತ್ತಾನೆ. ರಿಪೇರಿಯಪ್ಪ ಎದ್ದು ನಿಂತ. ಟೋಪಿ ತೆಗೆದ. ಎರಡೂ ಕೈಗಳನ್ನು ಬಾಯಿಗೆ ಒಡ್ಡಿಕೊಂಡ.

"ನಿನ್ ಕೈಲಾಗಲ್ಲ ಮರೀ, ಬಿಟ್ಬಿಡೋ!"

ಮಗ ಚೆಂಡು ಹಿಡಿದವನು ಹಾಗೇ ತಲೆ ಎತ್ತಿದ. ಸಾಲುಸಾಲಾಗಿ ಮೇಲಕ್ಕೆ ಹುಡುಕುತ್ತ ಬಂದ ಅವನ ಕಣ್ಣು ಅಪ್ಪನ ಮೇಲೆ ನಿಂತಿತು. ರಿಪೇರಿಯಪ್ಪ ಕೈ ಬೀಸಿದ, ನಕ್ಕ. ಮಗ ನಗಲಿಲ್ಲ. ತಿರುಗಿ ಚೆಂಡು ಎಸೆದ. ಅದು ರಿಂಗಿಗೂ ತಾಗಲಿಲ್ಲ, ಬಲೆಗೂ ತಾಗಲಿಲ್ಲ. ಅರ್ಧ ದಾರಿಯಲ್ಲೇ ಸೋತು ನೆಲಕ್ಕೆ ಬಿತ್ತು.

"ಸರಿಯಾಗಿ ಹೇಳಿದ್ರಿ ಯಜಮಾನ್ರೇ!" ದರ್ಜಿ ಅವನ ಬೆನ್ನು ತಟ್ಟಿದ. ಹಿಂದಿನ ಸಾಲಿನವರು ಚಪ್ಪಾಳೆ ಹೊಡೆದರು. ಯಾರೋ ಆ ಮಾತನ್ನೇ ಎತ್ತಿಕೊಂಡು ರಾಗವಾಗಿ ಕೂಗಿದರು. ನೋಡನೋಡುತ್ತಿದ್ದಂತೆ ಅದು ಕೆಳಗಿನ ಸಾಲುಗಳಿಗೂ ಇಳಿದು, ಎದುರಿನ ಗ್ಯಾಲರಿಗೂ ಹಬ್ಬಿತು: "ಕೈಲಾಗಲ್ಲ ಮರೀ, ಬಿಟ್ಬಿಡೋ!" ಕೋಚು ಕೈಸನ್ನೆ ಮಾಡಿದ. ಮಗ ಬೆಂಚಿಗೆ ಹೋಗಿ ಕೂತು ತಲೆಯ ಮೇಲೆ ಟವೆಲು ಹೊದ್ದುಕೊಂಡ. ರಿಪೇರಿಯಪ್ಪ ಸುತ್ತಲಿನವರ ಮುಖ ಮುಖ ನೋಡುತ್ತ, "ಹಾಗಲ್ಲ, ಹಾಗಲ್ಲ" ಎನ್ನುತ್ತಿದ್ದ. ಆ ಗದ್ದಲದಲ್ಲಿ ಅವನ ಮಾತು ಅವನಿಗೇ ಕೇಳಿಸಲಿಲ್ಲ.

ಮನೆಗೆ ಬಂದಾಗ ಹೆಂಡತಿ ಪರದೆಯ ಮುಂದೆಯೇ ಕೂತಿದ್ದಳು. ಟಿ.ವಿ.ಯ ಸದ್ದು ಇಳಿದೇ ಇತ್ತು. ಆದರೆ ಗಂಡ ಎದ್ದು ನಿಂತು ಬಾಯಿಗೆ ಕೈ ಒಡ್ಡಿದ್ದನ್ನು ಕ್ಯಾಮೆರಾದವರು ತೋರಿಸಿದ್ದರು. ಅವಳು ತಟ್ಟೆ ಇಟ್ಟು ಬಡಿಸಿ, ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದಳು.

ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವ ಹೊತ್ತಿಗೆ ಮಗನೇ ಬಂದ. ಹೆಗಲಿಗೆ ದೊಡ್ಡ ಚೀಲ. ಅವನನ್ನು ಕಂಡೊಡನೆ ರಿಪೇರಿಯಪ್ಪ ಮನಸ್ಸಿನಲ್ಲಿ ಹೊಸೆದಿಟ್ಟುಕೊಂಡಿದ್ದ ಮಾತುಗಳೆಲ್ಲ ದಿಕ್ಕಾಪಾಲಾದವು. ಮಗ ಚೀಲ ಇಳಿಸಿ, ಗಿರಾಕಿಗಳು ಕೂರುವ ಸ್ಟೂಲಿನ ಮೇಲೆ ಕೂತ. ಅವನ ಮೊಣಕಾಲು ಎದೆಯವರೆಗೆ ಬಂದವು.

"ಬಿಟ್ಬಿಟ್ಟೆ ಅಪ್ಪ. ನಿನ್ನೆ ಆಟ ಮುಗಿದ ಮೇಲೆ ಕೋಚಿಗೆ ಹೇಳ್ದೆ."

"ಅವರಾಗೇ ತೆಗೆದ್ರಾ?"

"ಇಲ್ಲ. ಕ್ಲಬ್ಬಿನವರು ಏನೇ ಅನ್ಲಿ, ಇನ್ನೂ ಎರಡು ಆಟ ನೋಡೋಣ ಅಂತಿದ್ರು ಕೋಚು. ನಾನೇ ಬೇಡ ಅಂದೆ." ಮಗ ಕೆಳಗೆ ಬಿದ್ದಿದ್ದ ಒಂದು ನಟ್ಟನ್ನು ಎತ್ತಿ ಅಂಗೈಯಲ್ಲಿ ಉರುಳಿಸಿದ. "ಊರೆಲ್ಲ ಬೈದ್ರೂ ನಾನು ನಂಬಿರ್ಲಿಲ್ಲ ಅಪ್ಪ. ಅವರಿಗೇನು ಗೊತ್ತು, ಟಿಕೆಟ್ ತಗೊಂಡು ಬಂದೋರು ಅಂತಿದ್ದೆ. ಆದ್ರೆ ನಿಮಗೆ ಗೊತ್ತಲ್ಲ. ಮೊದಲಿಂದ್ಲೂ ನೋಡಿದ್ದೀರಿ. ನೀವೇ ಹೇಳಿದ ಮೇಲೆ..."

"ಅಯ್ಯೋ ಮರೀ, ಅದು ಹಂಗಲ್ಲ ಕಣೋ." ರಿಪೇರಿಯಪ್ಪ ಸ್ಟೂಲಿನ ಬಳಿಗೆ ಬಂದ. "ಹಿತ್ತಲಲ್ಲಿ ಆಡ್ತಿದ್ವಲ್ಲ, ನಾನು ಹಂಗೆ ಕೂಗಿದ್ರೆ ನೀನು ನಗ್ತಿದ್ದೆಯಲ್ಲ. ನೆನಪಿಲ್ವಾ? ಎಷ್ಟು ನಗ್ತಿದ್ದೆ!"

"ನೆನಪಿದೆ." ಮಗ ಅಪ್ಪನ ಮುಖ ನೋಡಿದ. ಅವನ ಕಣ್ಣಿನಲ್ಲಿ ಸಿಟ್ಟಿರಲಿಲ್ಲ. "ಅತ್ರೆ ಚೆಂಡು ಬೀರು ಮೇಲೆ ಇಡ್ತಿದ್ರಲ್ಲ ಅಪ್ಪ. ಅದಕ್ಕೇ ನಗ್ತಿದ್ದೆ."

ರಸ್ತೆಯಲ್ಲಿ ಯಾರೋ ಬೆಲ್ಲು ಬಾರಿಸಿಕೊಂಡು ಹೋದರು. ಅಂಗಡಿಗೆ ಅಂಟಿದ ಮನೆಯೊಳಗೆ ಹೆಂಡತಿ ಪಾತ್ರೆ ತೊಳೆಯುತ್ತಿದ್ದ ಸದ್ದು ನಿಂತಿತು. ರಿಪೇರಿಯಪ್ಪ ಇಷ್ಟು ವರ್ಷ ಅಂಗಡಿಗೆ ಬಂದವರಿಗೆಲ್ಲ ಹೇಳಿಕೊಂಡು ಬಂದಿದ್ದ ಒಂದು ನಗು ಇತ್ತು, ಅದು ಈಗ ಅವನ ಕೈಯಿಂದ ಹೋಯಿತು. ಅಳಬೇಕೆನಿಸಿತು. ಅವನು ಬೆಂಚಿನ ಕೆಳಗೆ ಕೈ ಹಾಕಿ, ಮಣ್ಣು ಹಿಡಿದಿದ್ದ ಹಳೆಯ ಚೆಂಡನ್ನು ಹೊರಗೆಳೆದ. ಅದರಲ್ಲಿ ಗಾಳಿಯಿರಲಿಲ್ಲ. ಪಂಪಿಗೆ ಸೂಜಿ ಸಿಕ್ಕಿಸಿ, ಬಗ್ಗಿ, ಗಾಳಿ ಹೊಡೆಯತೊಡಗಿದ. ಮುಖ ಮರೆಸಿಕೊಳ್ಳಲು ಅವನಿಗೆ ಬೇರೆ ಕೆಲಸ ಹೊಳೆಯಲಿಲ್ಲ.

"ಸಾಕು ಅಪ್ಪ, ಒಡೆದು ಹೋಗುತ್ತೆ" ಎಂದು ಮಗ ಮೆಲ್ಲಗೆ ಚೆಂಡನ್ನು ತೆಗೆದುಕೊಂಡ.

ಮಗ ಎದ್ದು ಹಿತ್ತಲಿಗೆ ಹೋದ. ಅಪ್ಪನೂ ಹಿಂದೆಯೇ ಹೋದ. ಗೋಡೆಯ ಮೇಲೆ ರಿಮ್ಮು ತುಕ್ಕು ಹಿಡಿದು ನಿಂತಿತ್ತು. ನೆಲದ ಗೆರೆ ಅಳಿಸಿಹೋಗಿದ್ದರೂ ಮಗನ ಕಾಲು ತಾನಾಗಿಯೇ ಆ ಜಾಗ ಹುಡುಕಿಕೊಂಡಿತು. ಕಾಲಿನ ಅಭ್ಯಾಸಕ್ಕೆ ರಿಪೇರಿಯಪ್ಪನೂ ರಿಂಗಿನ ಕೆಳಗೆ, ತನ್ನ ಹಳೆಯ ಜಾಗದಲ್ಲಿ ಹೋಗಿ ನಿಂತ. ಮಗ ಚೆಂಡನ್ನು ಎತ್ತಿದ. ಬಲಗಡೆಯ ಹೆಗಲು ಕಿವಿಯವರೆಗೆ ಏರಿ ಅಲ್ಲೇ ನಿಂತು ಕಾದಿತು. ರಿಪೇರಿಯಪ್ಪ ಅದನ್ನು ನೋಡಿದ. ಇಷ್ಟು ವರ್ಷ ಅದೇ ಜಾಗದಲ್ಲಿ ನಿಂತು ಅವನು ನೋಡಿದ್ದು ಬರೀ ಚೆಂಡನ್ನು.

ಅವನು ತುಟಿ ಕಚ್ಚಿ ಹಿಡಿದ. ಚೆಂಡು ರಿಮ್ಮಿಗೆ ಬಡಿದು ತುಕ್ಕಿನ ಪುಡಿ ಉದುರಿತು. ಎತ್ತಿಕೊಂಡು ಹೋಗಿ ಮಗನ ಕೈಗೆ ಕೊಟ್ಟು ಬಂದ.

"ಏನೂ ಹೇಳಲ್ವಾ?" ಮಗ ಕೇಳಿದ.

ರಿಪೇರಿಯಪ್ಪ ಇಲ್ಲವೆಂದು ತಲೆಯಾಡಿಸಿದ.

ಮತ್ತೆ ಹೆಗಲು ಏರಿತು, ಮತ್ತೆ ಕಾದಿತು, ಮತ್ತೆ ಚೆಂಡು ತಪ್ಪಿತು. ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ಒದ್ದೆ ಕೈಯನ್ನು ಸೆರಗಿಗೆ ಒರೆಸುತ್ತ ನಿಂತಿದ್ದಳು. ಬಿಸಿಲು ಗೋಡೆಯಿಂದ ಇಳಿದು ನೆಲಕ್ಕೆ ಬಂತು. ಅಂಗಡಿಯ ಮುಂದೆ ಯಾರೋ "ಯಾರಿದ್ದೀರಿ?" ಎಂದು ಕೂಗಿ, ಕಾದು, ಹೊರಟುಹೋದರು. ರಿಪೇರಿಯಪ್ಪ ಚೆಂಡು ಹೆಕ್ಕುತ್ತಿದ್ದ, ಕೊಡುತ್ತಿದ್ದ, ತನ್ನ ಜಾಗಕ್ಕೆ ಹೋಗಿ ಬಾಯಿ ಮುಚ್ಚಿಕೊಂಡು ನಿಲ್ಲುತ್ತಿದ್ದ.

ಮಗ ಇನ್ನೊಮ್ಮೆ ಚೆಂಡನ್ನು ಎತ್ತಿದ. ಈ ಸಲ ಹೆಗಲು ಏಳಲಿಲ್ಲ. ಚೆಂಡು ಎರಡು ಬೆರಳು ಚಿಕ್ಕದಾದ ಆ ರಿಂಗಿನೊಳಗಿಂದ ಎಲ್ಲಿಯೂ ತಾಗದೆ ಇಳಿದು, ಕೆಳಗೆ ಕೈಯೊಡ್ಡಿ ನಿಂತಿದ್ದವನ ಅಂಗೈಗೆ ಬಂದು ಬಿತ್ತು.