ಬಾಗಿಲು ತೆರೆಸುವ ಕೂಗು

“ಒದರ, ರಂಡಿ! ಗಂಟಲದಾಗ ಕಡಬು ಸಿಕ್ಕೈತೇನ? ಮಂದಿ ಕಾಯಾಕತ್ತಾರ, ಕಾಣವಲ್ದ?”

ಗುಡಿಯ ಯಜಮಾನ ದುಂಡೇಶಗೌಡನ ಅಬ್ಬರಕ್ಕೆ ಮಾಲವ್ವ ಮತ್ತೊಮ್ಮೆ ಬಾಯಿ ತೆರೆದಳು. ಕೆಮ್ಮು ಬಂತೇ ಹೊರತು ಕೂಗು ಬರಲಿಲ್ಲ. ವಾರದಿಂದ ಜ್ವರ; ಗಂಟಲು ಕಟ್ಟಿಹೋಗಿತ್ತು. ಅಂಗಳದ ಅಂಚಿಗೆ ನೆಟ್ಟ ಗಡಿಗಲ್ಲಿನ ಈಚೆ ಅವಳು ನಿಂತಿದ್ದಳು. ಆಚೆ ಕಾಲಿಡುವ ಹಾಗಿಲ್ಲ. ದಿನಾ ಬೆಳಿಗ್ಗೆ ಇಲ್ಲಿಂದಲೇ, “ನಾ ಹೊಲ್ಯಾರಕಿ, ದೂರ ನಿಂತೇನ್ರಿ ಎಪ್ಪಾ! ಬಾಗ್ಲಾ ತಗೀರಿ!” ಎಂದು ಕೂಗಬೇಕು. ಮೈಲಿಗೆ ದೂರವಿದೆ ಎಂದು ಖಾತ್ರಿಯಾದ ಮೇಲೆಯೇ ಪೂಜಾರಿ ಬೀಗಕ್ಕೆ ಕೈ ಹಾಕುವುದು. ಈ ಭಾಗ್ಯ ಮಾಲವ್ವನ ಮನೆಯ ಹೆಣ್ಣಿಗೇ ಮೀಸಲು. ಒಮ್ಮೆ ಕೂಗಿದವಳು ಸಾಯುವ ತನಕ ಕೂಗಬೇಕು.

ದಾಂಡೇಲಿಯ ರೆಸಾರ್ಟಿನಿಂದ ಹಳೇ ಗುಡಿ ನೋಡಲು ಬಂದವರು ಮೊಬೈಲು ಎತ್ತಿ ಹಿಡಿದಿದ್ದರು. ಅವರ ಕಡೆ ತಿರುಗಿದಾಗ ಗೌಡನ ದನಿ ಬೆಣ್ಣೆಯಾಯಿತು.

“ಕದಂಬರ ಕಾಲದ ಗುಡಿರೀ ಇದು. ನಮ್ಮ ಹಿರ್ಯಾರು ಎಲ್ಲಾರಿಗೂ ಮಾನ ಕೊಟ್ಟಾರ. ಈಕಿ ಒದರಲಿಲ್ಲಂದ್ರ ನಮ್ಮ ದೇವ್ರು ಏಳೂದಿಲ್ಲ.”

“ಎಷ್ಟು ಚಂದದ ಸಂಪ್ರದಾಯ!” ಎಂದಳು ತಂಪು ಕನ್ನಡಕದವಳೊಬ್ಬಳು.

ಗೌಡನ ಕಣ್ಣು ಸಹನಾಳ ಮೇಲೆ ಬಿತ್ತು. ಹಳಿಯಾಳದಲ್ಲಿ ಹೊಲಿಗೆ ಕಲಿಯುತ್ತಿದ್ದ ಮಾಲವ್ವನ ಮಗಳು ಔಷಧಿ ತಂದವಳು, ಬೇಡವೆಂದರೂ ಕೇಳದೆ ಅವ್ವನ ರಟ್ಟೆ ಹಿಡಿದು ಇಲ್ಲಿತನಕ ಬಂದಿದ್ದಳು.

“ಏ ಹುಡುಗಿ, ನೀ ಒದರ. ಹೆಂಗೂ ಮುಂದ ನಿಂದ ಪಾಳಿ.”

ಆ ಕೂಗು ಮಗಳ ನಾಲಗೆಗೆ ತಾಗಬಾರದೆಂದೇ ಮಾಲವ್ವ ಅವಳನ್ನು ಎಳವೆಯಲ್ಲೇ ತಂಗಿಯ ಮನೆಗೆ ಕಳಿಸಿದ್ದಳು.

“ಆಕಿ ಬ್ಯಾಡ್ರಿ ಎಪ್ಪಾ... ಆಕಿನ್ನ ಬಿಡ್ರಿ.”

“ನೀ ಬಾಯಿ ಮುಚ್ಚ. ಏ ಹುಡುಗಿ, ಒದರ್ತೀಯೋ, ನಿಮ್ಮವ್ವನ ಸೀರಿ ಬಿಚ್ಚಿ ಇಲ್ಲೇ ಕಟ್ಟಸಲ್ಯೋ?”

ಸಹನಾ ಬಾಯಿ ತೆರೆದಳು. “ನಾ... ಹೊಲ್ಯಾ...”

ಮಾಲವ್ವ ಮಗಳ ಬಾಯನ್ನು ಅಂಗೈಯಿಂದ ಗಟ್ಟಿಯಾಗಿ ಮುಚ್ಚಿದಳು.

ಕೈಯಲ್ಲಿ ಹೊಡೆದರೆ ಗೌಡ ಮತ್ತೆ ಮೈ ತೊಳೆಯಬೇಕು. ಹಾಗಾಗಿ ಬಡಿಗೆ ತರಿಸಿದ. ಮೊದಲ ಏಟು ಹೆಗಲಿಗೆ, ಮುಂದಿನದು ಮೋರೆಗೆ. ಮಾಲವ್ವನ ಕೈ ಮಗಳ ಬಾಯಿ ಬಿಡಲಿಲ್ಲ. ಪ್ರವಾಸಿಗರಲ್ಲೊಬ್ಬ ಬೋಟಿಂಗಿಗೆ ಹೊತ್ತಾಯಿತೆಂದು ಗೊಣಗಿದ.

“ಗೌಡ್ರ, ನೈವೇದ್ಯದ ಹೊತ್ತು ಮೀರಾಕತ್ತೈತ್ರಿ,” ಪೂಜಾರಿ ಕೀಲಿಕೈ ಹಿಡಿದು ಚಡಪಡಿಸಿದ. “ಕೂಗು ಬೀಳದ ನಾ ಕೀಲಿ ತಗ್ಯಾಂಗಿಲ್ಲ.”

“ಬ್ಯಾರೆ ಯಾರರೆ ಒದರ್ರಲೇ!”

ನಾ ಹೊಲ್ಯಾರಾಂವ ಎಂದು ಯಾವ ಮಾನವಂತನ ಬಾಯಿ ಅಂದೀತು? ಗೌಡನ ಬಂಟರು ಮುಖ ತಿರುವಿದರು. ಪೂಜಾರಿ ನೆಲ ನೋಡಿದ.

ಮಾಲವ್ವ ಬಾಯಲ್ಲಿನ ರಕ್ತ ಉಗುಳಿದಳು. ಅದೇ ಕಟ್ಟಿದ ಗಂಟಲಲ್ಲಿ ಎಲ್ಲರಿಗೂ ಕೇಳುವಂತೆ ಅಂದಳು, “ನಿಮ್ಮ ದೇವ್ರು ಏಳಬೇಕಲ್ರಿ? ನೀವ ಒದರ್ರಿ, ಗೌಡ್ರ.”

ಬಡಿಗೆ ಬಿತ್ತು.

“ಒದರ್ರಿ.”

ಮತ್ತೆ ಬಿತ್ತು. ಮಾಲವ್ವ ಮಣ್ಣಿಗೆ ಉರುಳಿದಳು. ಮಗಳ ಬಾಯಿ ಮೇಲಿನ ಕೈ ಜಾರಿತು. ಗೌಡ ಬಡಿಗೆಯನ್ನು ಸಹನಾಳತ್ತ ತಿರುಗಿಸಿದ.

“ಈಗ ಒದರ.”

ಮೊಬೈಲುಗಳೆಲ್ಲ ಅವಳ ಕಡೆ ತಿರುಗಿದವು. ಸಹನಾ ಅವ್ವನ ಪಕ್ಕದಲ್ಲಿ ನೆಲಕ್ಕೆ ಕೂತು, ಗೌಡನನ್ನೇ ನೋಡುತ್ತ ತುಟಿ ಬಿಗಿದಳು.