ಕ್ಯಾನ್ವಾಸಿನ ಒಳಪದರ

ಅಡಿಕೆ ಖರೀದಿಗೆಂದು ನ್ಯಾಮತಿಗೆ ಹಣ ಒಯ್ಯುತ್ತಿದ್ದ ಚನ್ನಗಿರಿಯ ವ್ಯಾಪಾರಿ ಕಲ್ಲೇಶಪ್ಪನವರ ಕಾರನ್ನು ಬೈಕಿನವರಿಬ್ಬರು ದಾರಿಯಲ್ಲಿ ಅಡ್ಡಗಟ್ಟಿದರು. ಎದುರಿನಿಂದ ಬಸ್ಸೊಂದು ಬಂದುದರಿಂದ ಅಂದು ಜೀವ ಉಳಿಯಿತು. ಆಮೇಲೆ ಅವರು ಓಡಾಡಿ ಪಿಸ್ತೂಲಿನ ಲೈಸೆನ್ಸ್ ಪಡೆದರು.

ಪಿಸ್ತೂಲೇನೋ ಬಂತು, ಯಾರಿಗೂ ಕಾಣದಂತೆ ಅದನ್ನು ಮೈಮೇಲೆ ಎಲ್ಲಿಡುವುದೆಂಬುದು ಬಗೆಹರಿಯಲಿಲ್ಲ. ಅವರದು ತುಂಬಿದ ಮೈ, ಮುಂದಕ್ಕೆ ಚಾಚಿದ ಹೊಟ್ಟೆ, ಉಡುವುದು ಪಂಚೆ, ಕೆಲಸವೆಲ್ಲ ಅಡಿಕೆ ಮಂಡಿಯ ಗಾದಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೇ ನಡೆಯಬೇಕು. ಸೊಂಟದ ಮುಂದೆ ಸಿಕ್ಕಿಸಿದರೆ ಕೂತೊಡನೆ ನಳಿಕೆ ತೊಡೆಸಂದಿಗೆ ಒತ್ತುತ್ತಿತ್ತು. ಬೆನ್ನ ಹಿಂದಿಟ್ಟರೆ ಕಾರಿನ ಸೀಟಿನಲ್ಲಿ ನಡು ನೋಯುತ್ತಿತ್ತು. ಪಕ್ಕಕ್ಕೆ ಕಟ್ಟಿದರೆ ಅಂಗಿ ಉಬ್ಬಿ, ಎದುರಿಗೆ ಬಂದವರ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಇನ್ನು ಕಣಕಾಲು, ಪಂಚೆ ಎತ್ತಿ ಕಟ್ಟುವವರಿಗೆ ಆಗದ ಮಾತು.

ಉಳಿದದ್ದು ಕಂಕುಳು. ಭುಜದ ಪಟ್ಟಿಯಿಂದ ಇಳಿದು ಪಕ್ಕೆಗೆ ಅಂಟಿ ಕೂರುವ ಚೀಲವೇ ಅವರ ಮೈಗೆ ಸರಿ. ಆದರೆ ಅಂಗಡಿಗಳಲ್ಲಿ ಸಿಕ್ಕಿದ್ದೆಲ್ಲ ಚರ್ಮದ್ದು. ಕಲ್ಲೇಶಪ್ಪನವರ ಎದೆಯ ಮೇಲೋ, ಬೆಳ್ಳಿಯ ಕರಡಿಗೆಯೊಳಗೆ ಇಷ್ಟಲಿಂಗ. ದೀಕ್ಷೆಯ ದಿನ ಅಜ್ಜಿಗೆ ಕೊಟ್ಟ ಮಾತಿನಂತೆ ಅವರು ಸೊಂಟದಿಂದ ಮೇಲೆ ಚರ್ಮ ತೊಟ್ಟವರಲ್ಲ. ಕೈಗಡಿಯಾರದ ಪಟ್ಟಿಯೂ ಸ್ಟೀಲಿನದು.

ಹೆಂಡತಿಯ ತಮ್ಮ ಸತೀಶ್ ಕುಮಾರನಿಗೆ ಹೊನ್ನಾಳಿಯಲ್ಲಿ ಕಾರಿನ ಸೀಟ್ ಕವರ್ ಹೊಲಿಯುವ ಅಂಗಡಿಯಿತ್ತು. ಅವನು ಮನೆಗೇ ಬಂದು ಟೇಪು ಹಿಡಿದ.

"ನಿಂತ್ಕೊಂಡು ಅಳತೆ ಕೊಡಬ್ಯಾಡ್ರಿ ಬಾವ, ಕೂತ್ಕೊಳ್ರಿ. ನಿಂತಾಗ ನೀವು ಒಬ್ರು, ಕೂತಾಗ ಇಬ್ರು."

"ನಿಮ್ಮಕ್ಕನ ಕೈಯಡಿಗೆ ಕಣೋ ಇದು, ಬೈಯೋದಾದ್ರೆ ಅವಳಿಗೆ ಬೈ. ತೊಗಲು ಮಾತ್ರ ಬ್ಯಾಡ. ಮತ್ತೆ ಇದು ಯಾರ ಕಿವಿಗೂ ಬೀಳಬಾರ್ದು."

"ಬರೇ ಕ್ಯಾನ್ವಾಸು. ನನ್ನ ಮೇಲೆ ನಂಬಿಕೆ ಇಲ್ವೇನ್ರಿ?"

"ನಿನ್ನ ಮೇಲಲ್ದೆ ಇನ್ಯಾರ ಮೇಲೆ ಇಡ್ಲಿ?"

ದೀಪಾವಳಿಯ ಹೊತ್ತಿಗೆ ಚೀಲ ಸೊಗಸಾಗಿ ಬಂತು. ಗಾದಿಯ ಮೇಲಾಗಲಿ ಕಾರಿನಲ್ಲಾಗಲಿ, ಪಿಸ್ತೂಲು ಮೈಮೇಲಿದೆಯೆಂಬುದೇ ಅವರಿಗೆ ಮರೆತುಹೋಗುತ್ತಿತ್ತು.

ಯುಗಾದಿ ಕಳೆದ ಮೇಲೊಂದು ಸಂಜೆ ಅಡ್ಡಮಳೆಗೆ ಸಿಕ್ಕಿ ಚೀಲ ತೊಯ್ದಿತು. ಅದನ್ನು ಬಿಚ್ಚಿ ಗೂಟಕ್ಕೆ ನೇತುಹಾಕಿದರು. ಮರುದಿನ ಬೆಳಿಗ್ಗೆ ಅಂಗೈಯಲ್ಲಿ ಲಿಂಗವಿಟ್ಟು ಪೂಜೆಗೆ ಕೂತಾಗ ವಿಭೂತಿಯ ವಾಸನೆಯನ್ನೂ ಮೀರಿ ಇನ್ನೊಂದು ವಾಸನೆ ಬಂತು. ನೆನೆದ ತೊಗಲಿನದು. ಪೂಜೆ ಮುಗಿಸಿ, ಚೀಲವನ್ನು ಕೆಳಗಿಳಿಸಿ, ಅಡಕೊತ್ತಿನ ಬಾಯಿಂದ ಹೊಲಿಗೆ ಕತ್ತರಿಸಿದರು. ಎರಡು ಕ್ಯಾನ್ವಾಸಿನ ನಡುವೆ ಕಂದು ಬಣ್ಣದ ಮೆತ್ತನೆಯ ಚರ್ಮ ಹಾಸಿತ್ತು.

"ನೋಡೇ, ನಿನ್ನ ತಮ್ಮ ಮಾಡಿರೋ ಕೆಲಸ!"

ಕಸ್ತೂರಮ್ಮ ಒಳಗಿನಿಂದ ಬಂದಳು. ಅವಳು ಚೀಲದ ಕಡೆ ನೋಡಲೇ ಇಲ್ಲ. ಗಂಡನ ಮುಖವನ್ನೇ ನೋಡಿದಳು.

"ನಿನಗೂ ಗೊತ್ತಿತ್ತಾ?"

"ಮೊದ್ಲು ಬರೇ ಕ್ಯಾನ್ವಾಸಲ್ಲೇ ಹೊಲಿದಿದ್ದ ಕಣ್ರಿ. ಬಟ್ಟೆ ಸುಕ್ಕಾಗಿ ಚುಚ್ಚತೈತೆ, ಪಿಸ್ತೂಲೂ ಒಳಗೆ ಅಲ್ಲಾಡ್ತೈತೆ ಅಂದ. ಹಂಗೇ ಕೊಟ್ಟಿದ್ರೆ ನೀವು ಎರಡು ದಿನಕ್ಕೆ ಮನೇಲಿ ಬಿಟ್ಟು ಓಡಾಡ್ತಿದ್ರಿ. ಒಳಗೆ ಒಂದು ಪದರ ಕೊಡು ಅಂತ ನಾನೇ ಅಂದೆ."

"ನನಗೆ ಹೇಳಾಕೆ ಏನಾಗಿತ್ತು?"

"ಹೇಳಿದ್ರೆ ಹಾಕ್ಕೊಂತಿದ್ರಾ? ನನಗೆ ನಿಮ್ಮ ಜೀವ ಬೇಕಿತ್ತು."

ಅವರು ಸತೀಶನಿಗೆ ಫೋನು ಮಾಡಿದರು. ಅವನು ನಕ್ಕುಬಿಟ್ಟ.

"ಅಯ್ಯೋ ಬಾವ, ದೀಪಾವಳಿಯಿಂದ ನಿಮ್ಮ ಎದೆ ಮೇಲಿನ ಆ ಲಿಂಗಪ್ಪನೇ ಸುಮ್ನೆ ಅವ್ನೆ, ನಿಮ್ದೇನ್ರಿ ಗಲಾಟೆ?"

ಅವನ ಹಿಂದೆ ಹೊಲಿಗೆ ಯಂತ್ರ ನಿಂತ ಸದ್ದಾಯಿತು. ಯಾರೋ ಕೇಳುತ್ತಿದ್ದರು: "ಸಾವ್ಕಾರ್ರಿಗೆ ಕೊನೆಗೂ ಗೊತ್ತಾತೇನೋ?" ಇನ್ನಾರೋ ಕಿಸಕ್ಕೆಂದರು.

ಹಾಗಾದರೆ ಪಿಸ್ತೂಲಿನ ವಿಷಯ ಅಂಗಡಿಗೆಲ್ಲ ಗೊತ್ತಿತ್ತು, ತೊಗಲಿನದೂ ಗೊತ್ತಿತ್ತು. ಗೊತ್ತಿಲ್ಲದವರು ಅದನ್ನು ತೊಟ್ಟು ತಿರುಗಿದವರೊಬ್ಬರೇ. ಕಲ್ಲೇಶಪ್ಪನವರು ಫೋನು ಇಟ್ಟರು. ಪಿಸ್ತೂಲನ್ನು ಬೀರುವಿನೊಳಗಿಟ್ಟು ಬೀಗ ಹಾಕಿದರು. ಅಂದು ನ್ಯಾಮತಿಗೆ ಹಣ ಒಯ್ಯಬೇಕಿತ್ತು. ಹಣದ ಚೀಲವನ್ನು ಕೈಗೆತ್ತಿಕೊಂಡು ಹೊರಟರು.

ಕಸ್ತೂರಮ್ಮ ಬಾಗಿಲಿಗೆ ಅಡ್ಡ ಬಂದಳು. "ಪಿಸ್ತೂಲಿಲ್ದೆ ಆ ದಾರಿಗೆ ಹೋಗಬ್ಯಾಡ್ರಿ. ನಿಮ್ಮ ಕಾಲಿಗೆ ಬೀಳ್ತೀನಿ. ಇಲ್ಲಾಂದ್ರೆ ನಂಬಿಕಸ್ತರನ್ನ ಯಾರ್ನಾದ್ರೂ ಜೊತೆಗೆ ಕರ್ಕೊಂಡು ಹೋಗ್ರಿ."

"ಯಾರ್ನ?"

ಅವರ ದನಿಯಲ್ಲಿ ಚುಚ್ಚುಮಾತಿನ ಸುಳಿವಿರಲಿಲ್ಲ. ಅವಳೊಂದು ಹೆಸರು ಹೇಳಲಿ ಎಂದು ಅವರು ನಿಜವಾಗಿಯೂ ಕಾದರು. ಹೆಸರಿನ ಬದಲು ಅವಳು ಬಾಗಿಲಿಗೆ ಅಡ್ಡ ಹಿಡಿದಿದ್ದ ಕೈಯನ್ನು ಕೆಳಗಿಳಿಸಿದಳು. ಅವಳನ್ನು ಬಳಸಿಕೊಂಡು ಅವರು ಅಂಗಳಕ್ಕಿಳಿದರು.