ಮಸಿಯಿಲ್ಲದ ವೇಷ

ಕುವೈತಿನ ತುಳುವರಲ್ಲಿ ರೋಹಿದಾಸನ ವೇಷ ನೋಡಿ ನಗದವನು ಯಾವನಾದರೂ ಇದ್ದರೆ ಅವನಿಗೆ ಆ ದಿನ ಹಲ್ಲುನೋವು ಇದ್ದಿರಬೇಕು, ಅಷ್ಟೆ. ಫಹಾಹೀಲಿನಲ್ಲಿ ತುಳು ಸಂಘದ ಕೃಷ್ಣಾಷ್ಟಮಿ ಎಂದರೆ ಮೊಸರುಕುಡಿಕೆಯೆಲ್ಲ ಆಮೇಲೆ, ಮೊದಲು ರೋಹಿದಾಸನ ಕೊರಗ ವೇಷ. ಮೈಗೆಲ್ಲ ಮಸಿ, ತಲೆಗೆ ಅಡಿಕೆ ಹಾಳೆಯ ಟೊಪ್ಪಿ, ಬಾಯಲ್ಲಿ ತೊದಲು ತುಳು. ಊರ ಕಡೆ ಹರಕೆ ಹೊತ್ತು ಈ ವೇಷ ಹಾಕಿಕೊಂಡು ಮನೆಮನೆ ತಿರುಗುವವರು ಬೇಕಾದಷ್ಟು ಜನ ಉಂಟು. ದೇವರ ಹೆಸರಲ್ಲಿ ಮಾಡುವುದಲ್ಲವಾ, ಅದರಲ್ಲಿ ತಪ್ಪೇನು ಎನ್ನುತ್ತಾರೆ. ಊರವರು ಮುಟ್ಟಿಸಿಕೊಳ್ಳದ ಆ ಕೊರಗ ಜಾತಿಯವರನ್ನು ಕೇಳಿದವರು ಮಾತ್ರ ಒಬ್ಬರೂ ಇಲ್ಲ.

ಕೇಳಬೇಕೆಂದಿದ್ದರೆ ದೂರ ಹೋಗಬೇಕಾಗಿರಲಿಲ್ಲ. ಒಬ್ಬ ಕೊರಗ ಅಲ್ಲೇ ಇದ್ದ, ಮಸಿಯ ಒಳಗೆ.

ರೋಹಿದಾಸನ ಅಪ್ಪ ಬೊಗ್ಗು ಕಾರ್ಕಳದ ಕಡೆ ಬಳ್ಳಿಯ ಬುಟ್ಟಿ ಹೆಣೆದು ಮಾರುತ್ತಿದ್ದವನು, ಡೋಲು ಬಾರಿಸುತ್ತಿದ್ದವನು. ಸೊಂಟ ಬಾಗಿಸಿ, ಎಡಗಾಲನ್ನು ಸ್ವಲ್ಪ ಎಳೆದುಕೊಂಡು ನಡೆಯುತ್ತಿದ್ದ. ಒಡೆಯರ ಅಂಗಳದಿಂದ ಆಚೆ ನಿಂತೇ ಮಾತಾಡಿ ಮಾತಾಡಿ ಅವನ ದನಿ ರಾಗ ಎಳೆದ ಹಾಗೆ ಆಗಿಹೋಗಿತ್ತು. ಮಗ ಸರಕಾರಿ ಹಾಸ್ಟೆಲಿನಲ್ಲಿ ಓದಿದ, ಬೊಂಬಾಯಿಯ ಹೋಟೆಲಿನಲ್ಲಿ ದುಡಿದ, ಅಲ್ಲಿ ಹೆಸರು ಬದಲಿಸಿದ, ಅಲ್ಲಿಂದ ಕುವೈತಿಗೆ ಹಾರಿದ. ಹೆಂಡತಿ ಸುಗಂಧಿ ಅದೇ ಹಾಸ್ಟೆಲಿನ ಹುಡುಗಿ, ಅದೇ ಜಾತಿ. ಗಂಡಹೆಂಡಿರ ನಡುವೆ ಮಾತ್ರ ಆ ವಿಷಯ. ಮಗಳು ಅಕ್ಷಯಾಳಿಗೂ ಹೇಳಿರಲಿಲ್ಲ. ತುಳುವರು ಸಿಕ್ಕಿದಲ್ಲೆಲ್ಲ ನಿಮ್ಮದು ಯಾವ ಬಳಿ, ಯಾವ ಕುಲ, ಯಾವ ಕುಟುಂಬ ಎಂದು ಕೇಳದೆ ಬಿಡುವುದಿಲ್ಲ. "ಬೊಂಬಾಯಿಯಲ್ಲಿ ಬೆಳೆದ ಜನ ಮಾರಾಯ್ರೆ, ಅದೆಲ್ಲ ನಮಗೆಲ್ಲಿ ಗೊತ್ತು" ಎಂದು ರೋಹಿದಾಸ ನಕ್ಕು ಜಾರಿಕೊಳ್ಳುತ್ತಿದ್ದ.

ವೇಷಕ್ಕೆ ಅವನನ್ನು ಎಳೆದದ್ದು ಸಂಘದ ಕಾರ್ಯದರ್ಶಿ ಧನರಾಜ್. ಒಂದು ವರ್ಷ ವೇಷ ಹಾಕುವವನಿಗೆ ಜ್ವರ ಬಂತು, "ನೀನೇ ಹಾಕು" ಎಂದು ಧನರಾಜ್ ಗಂಟುಬಿದ್ದ. ಬೇಡ ಎಂದರೆ ಯಾಕೆ ಎಂಬ ಪ್ರಶ್ನೆ ಬರುತ್ತದಲ್ಲ. ರೋಹಿದಾಸ ಮಸಿ ಬಳಿದುಕೊಂಡು ಸ್ಟೇಜಿಗೆ ಹೋದ. ಏನು ಮಾಡುವುದೆಂದು ಗೊತ್ತಿಲ್ಲದೆ ನಿಂತವನ ಕಾಲು ತಾನಾಗಿ ಬೊಗ್ಗುವಿನ ಹಾಗೆ ನಡೆಯಿತು, ಬಾಯಿಂದ ಬೊಗ್ಗುವಿನ ರಾಗ ಹೊರಟಿತು. ಜನ ಬಿದ್ದುಬಿದ್ದು ನಕ್ಕರು. "ಅಸಲಿ ಕೊರಗನೇ ನಾಚಬೇಕು ಮಾರಾಯ" ಎಂದು ಧನರಾಜ್ ಬೆನ್ನು ತಟ್ಟಿದ. ಅಂದಿನಿಂದ ರೋಹಿದಾಸನಿಗೆ ಒಂದು ಧೈರ್ಯ ಬಂತು. ಇಷ್ಟು ಚೆನ್ನಾಗಿ ಅಣಕಿಸುವವನನ್ನು ಯಾರು ಅನುಮಾನಿಸುತ್ತಾರೆ? ಸುಗಂಧಿ ಒಂದೇ ಸಲ ನೋಡಲು ಬಂದಿದ್ದಳು. ಮತ್ತೆ ಬರಲಿಲ್ಲ, ಯಾಕೆಂದು ಅವನೂ ಕೇಳಲಿಲ್ಲ.

ಸದ್ದಾಮನ ಸೈನ್ಯ ನುಗ್ಗಿದ ವರ್ಷವೂ ಅಷ್ಟಮಿ ತಪ್ಪಲಿಲ್ಲ. ಬೀದಿಯಲ್ಲಿ ಟ್ಯಾಂಕು, ಮನೆಯಲ್ಲಿ ಅಕ್ಕಿ ತೀರುತ್ತ ಬಂದಿತ್ತು. ಒಂದೇ ಕಟ್ಟಡದಲ್ಲಿ ತುಂಬಿಕೊಂಡಿದ್ದ ಜನ ರೋಹಿದಾಸನನ್ನು ಬಿಡಲಿಲ್ಲ. ಪಾತ್ರೆಯ ತಳದ ಮಸಿಯನ್ನೇ ಕೆರೆದು ಬಳಿದುಕೊಂಡ. ಹೆಂಗಸರು ಮಕ್ಕಳು ಸದ್ದು ಹೊರಗೆ ಹೋಗಬಾರದೆಂದು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ಅಂಥ ಹೊತ್ತಿನಲ್ಲಿ ನಗಿಸಿದೆನಲ್ಲ ಎಂದು ಅವನಿಗೆ ಹೆಮ್ಮೆಯೂ ಆಯಿತು, ಸುಳ್ಳು ಯಾಕೆ ಹೇಳುವುದು. ಆಮೇಲೆ ಹೆಂಡತಿ, ಮಗಳು, ಧನರಾಜ್ ಎಲ್ಲ ಜೋರ್ಡಾನಿನ ಅಮ್ಮಾನ್ ದಾರಿಯಾಗಿ ಬೊಂಬಾಯಿ ಸೇರಿದರು, ಸುಗಂಧಿ ಮಗಳೊಡನೆ ಅಲ್ಲೇ ಮನೆ ಮಾಡಿದಳು. ರೋಹಿದಾಸ ತನಗೆ ವೀಸಾ ಕೊಟ್ಟ ಅರಬ ಧಣಿ, ಕಫೀಲನ ಗೋದಾಮು ಕಾಯುತ್ತ ಉಳಿದ.

ಯುದ್ಧ ಮುಗಿದು ಧನರಾಜ್ ಮರಳಿದವನು ಎರಡು ಮಾತು ತಂದ. ಒಂದು, ಈ ಸಲದ ಅಷ್ಟಮಿ ಭರ್ಜರಿ ಆಗಬೇಕು, ಬದುಕಿ ಬಂದವರ ಅಷ್ಟಮಿ. ಇನ್ನೊಂದು, ಅವನ ಅಕ್ಕನ ಮಗ ತಿಲಕ್ ಬೊಂಬಾಯಿಯ ಬ್ಯಾಂಕಿನಲ್ಲಿದ್ದಾನಲ್ಲ, ಅವನು ಅಕ್ಷಯಾಳನ್ನು ಮೆಚ್ಚಿದ್ದಾನೆ. "ಬಳಿಗಿಳಿ ಎಲ್ಲ ನಾನು ನೋಡಿಕೊಳ್ತೇನೆ, ನೀನು ನಮ್ಮವನೇ ಅಲ್ವಾ" ಎಂದ ಧನರಾಜ್. ರೋಹಿದಾಸ ಹಲ್ಲು ಕಿರಿದ. ಬಾಯಿ ಮುಚ್ಚಿಕೊಂಡರೆ ಮಗಳಿಗೆ ಒಳ್ಳೆಯ ಮನೆ, ಆದರೆ ಅವಳು ಜೀವನವಿಡೀ ಹೆದರಿ ಬಾಳಬೇಕು. ಬಾಯಿ ಬಿಟ್ಟರೆ ಮದುವೆಯೂ ಇಲ್ಲ, ಸಂಘವೂ ಇಲ್ಲ.

ಆಗ ಅವನಿಗೆ ಅಹ್ಮದಿಯಲ್ಲಿ ಕೆಲಸ, ಸದ್ದಾಮನ ಸೈನ್ಯ ಓಡುವಾಗ ಎಣ್ಣೆಬಾವಿಗಳಿಗೆ ಹಚ್ಚಿದ ಬೆಂಕಿ ಆರಿಸುವವರ ಕ್ಯಾಂಪಿನ ಸ್ಟೋರಿನಲ್ಲಿ. ಹೊಗೆಗೆ ನಡುಮಧ್ಯಾಹ್ನವೂ ದೀಪ ಹಾಕಿಕೊಂಡು ಲಾರಿ ಓಡಿಸಬೇಕಾದ ಕಾಲ ಅದು. ಒಗೆದ ಅಂಗಿ ಹೊರಗೆ ಹಾಕಿದರೆ ಒಣಗುವಷ್ಟರಲ್ಲಿ ಕಪ್ಪು ಚುಕ್ಕೆ. ಸ್ಟೋರಿನ ಮೇಲಿನವರು ಹೊರೇಸ್ ಪೆಟಿಗ್ರೂ ಎಂಬ ಕರಿಯ ಅಮೆರಿಕನ್, ಅರವತ್ತರ ಹತ್ತಿರ ಹತ್ತಿರ ವಯಸ್ಸು, ಮಾತು ಕಡಿಮೆ. ಒಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಧನರಾಜನ ಫೋನು ಬಂತು, ವೇಷದ ವಿಷಯ. ಇಟ್ಟ ಮೇಲೆ ಹೊರೇಸ್ ಏನೆಂದು ಕೇಳಿದರು. "ನಾನು ನಾಟಕದಲ್ಲಿ ಕಾಮೆಡಿ ಮಾಡ್ತೇನೆ ಸರ್" ಎಂದ ರೋಹಿದಾಸ.

ಹೊರೇಸ್ ತಟ್ಟೆ ಬದಿಗಿಟ್ಟು ಎದ್ದರು. ಆಮೇಲೆ ತಮ್ಮ ಕೋಣೆಯಿಂದ ಒಂದು ವಿಡಿಯೋ ಕ್ಯಾಸೆಟ್ ತಂದು ಕ್ಯಾಂಪಿನ ಟೀವಿಗೆ ಹಾಕಿದರು. ಹಳೇ ಕಪ್ಪುಬಿಳುಪು ಸಿನಿಮಾದ ತುಂಡುಗಳು. ಒಬ್ಬ ಕರಿಯ ಆಳು, ಭೂತಬಂಗಲೆ, ಧಣಿ ಮುಂದೆ, ಆಳು ಹಿಂದೆ. ಬಾಗಿಲು ಕಿರ್ ಎಂದರೆ ಆಳಿನ ಕಣ್ಣು ದೊಡ್ಡದಾಗುತ್ತದೆ, ಮೊಣಕಾಲು ನಡುಗುತ್ತದೆ, ಆದರೂ ಧಣಿಯ ಟೊಪ್ಪಿಯನ್ನು ಮಾತ್ರ ಬೀಳಗೊಡುವುದಿಲ್ಲ. ರೋಹಿದಾಸನಿಗೆ ನಗು ತಡೆಯಲಿಲ್ಲ. ಆ ಮನುಷ್ಯ ಬೀಳುವ ಮೊದಲು ಒಂದು ಗಳಿಗೆ ಧಣಿಯ ಮುಖ ನೋಡುತ್ತಿದ್ದ, ನಗು ಹುಟ್ಟುತ್ತಿದ್ದದ್ದೇ ಅಲ್ಲಿ. ಅಬ್ಬ, ಇವನು ಕಲಾವಿದ ಅಂದುಕೊಂಡ.

"ಅದು ನನ್ನ ತಂದೆ" ಎಂದರು ಹೊರೇಸ್.

ರೋಹಿದಾಸ ನಗು ನುಂಗಿಕೊಂಡ. "ನಗು, ನಗು" ಎಂದರು ಅವರು, "ಅವನು ನಗಿಸಲಿಕ್ಕೇ ನಿಂತವನು."

ಹೆಸರು ಲೆಮ್ಯುಯೆಲ್ ಪೆಟಿಗ್ರೂ. ಡೇರೆ ನಾಟಕಗಳಲ್ಲಿ ಶುರುಮಾಡಿದವನು. ಅಲ್ಲಿ ಅವನು ಕರಿಯನಾಗಿದ್ದರೂ ಸಾಲದು ಎಂದು ಸುಟ್ಟ ಬಿರಡೆಯ ಮಸಿ ಬಳಿಯುತ್ತಿದ್ದರಂತೆ. ಮೂಕಿಚಿತ್ರಕ್ಕೆ ಬಂದ, ಟಾಕಿ ಬಂದ ಮೇಲೂ ಉಳಿದ. ಸೋಮವಾರ ಕೆಲಸಕ್ಕೆ ಸೇರಿದನೆಂದು ಸ್ಟುಡಿಯೋದವರು ಪರದೆಯ ಮೇಲೆ 'ಮಂಡೇ' ಎಂದು ಹೆಸರು ಹಾಕಿದರು, ಎಷ್ಟೋ ಸಲ ಅದನ್ನೂ ಹಾಕಲಿಲ್ಲ. ರೈಲಿನ ಕೂಲಿ, ಲಿಫ್ಟಿನವ, ಕುದುರೆಲಾಯದವ, ಅಡುಗೆಯವ, ಎಲ್ಲದರಲ್ಲೂ ಹೆದರುಪುಕ್ಕಲ. ಮನೆಯಲ್ಲಿ ಇಸ್ತ್ರಿ ಹಾಕಿದ ಅಂಗಿ, ಪುಸ್ತಕ, ತೂಕದ ಮಾತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅವನ ಜನರೇ ಇಂಥ ಪಾತ್ರ ನಮಗೆ ಅವಮಾನ ಎಂದರು. ಸರಿಯಾಗಿಯೇ ಅಂದರು. ಕೆಲಸ ನಿಂತಿತು. ಕೊನೆಗಾಲದಲ್ಲಿ ಒಂದು ಚಿತ್ರದಲ್ಲಿ ಕೋರ್ಟಿನ ಸಾಕ್ಷಿಯ ಪಾತ್ರ ಸಿಕ್ಕಿತು. ನೆಟ್ಟಗೆ ನಿಂತು ತನ್ನ ದನಿಯಲ್ಲೇ ಮಾತಾಡಿದ. ಸಿನಿಮಾ ಹಾಲಿನಲ್ಲಿದ್ದವರು ಅವನ ಮುಖ ಕಂಡದ್ದೇ ನಕ್ಕುಬಿಟ್ಟರಂತೆ.

"ಶಾಲೆಯಲ್ಲಿ ನಾನು ಅಪ್ಪ ಅಂಚೆಕಚೇರಿಯಲ್ಲಿದ್ದಾನೆ ಅನ್ನುತ್ತಿದ್ದೆ" ಎಂದರು ಹೊರೇಸ್. "ದೊಡ್ಡವನಾದ ಮೇಲೆ ಅಪ್ಪನನ್ನೇ ಕೇಳಿದೆ, ಆ ನಡಿಗೆ, ಆ ಮಾತು ಎಲ್ಲಿಂದ ತಂದದ್ದು ಅಂತ. ನನ್ನ ಅಪ್ಪನದು, ಅಂದ. ನನ್ನ ಅಜ್ಜ ಹತ್ತಿ ಹೊಲದಲ್ಲಿ ಬೆನ್ನು ಮುರಿದುಕೊಂಡವನು, ಬಿಳಿಯರ ಎದುರು ಹಾಗೆ ನಡೆದೇ ಜೀವ ಉಳಿಸಿಕೊಂಡವನು. ಅದನ್ನೇ ಅಪ್ಪ ಮಾರಿದ. ನಾನು ಅವನನ್ನು ಕ್ಷಮಿಸಿದ್ದೇನೆ, ದಾಸ್. ಅವನು ತನ್ನನ್ನು ತಾನು ಕ್ಷಮಿಸಿಕೊಂಡನೋ ಇಲ್ಲವೋ ಗೊತ್ತಿಲ್ಲ."

ರೋಹಿದಾಸ ಎದ್ದು ಹೊರಗೆ ಹೋಗಿ ಆ ಕಪ್ಪು ಆಕಾಶದ ಕೆಳಗೆ ನಿಂತು ಅತ್ತ. ಅಪ್ಪ ಸತ್ತಾಗಲೂ ಹೀಗೆ ಅತ್ತಿರಲಿಲ್ಲ.

ಆ ಶುಕ್ರವಾರ ಸುಗಂಧಿಗೆ ಫೋನು ಮಾಡಿ ಎಲ್ಲ ಹೇಳಿದ, ಇನ್ನು ಜಾತಿ ಮುಚ್ಚಿಡಲಾರೆ ಎಂದ. ಅವಳು ಬೈಯುತ್ತಾಳೆ ಅಂದುಕೊಂಡಿದ್ದ. "ಹೇಳುವುದಾದರೆ ಮದುವೆಗೆ ಮೊದಲು ಹೇಳಿ" ಎಂದಳು ಅವಳು. "ಅಕ್ಷಯಾಳಿಗೆ ನಾನು ಹೇಳಿ ಆಯಿತು. ಸಂಬಂಧ ಬಂದ ದಿನವೇ."

"ಏನೆಂದಳು?"

"ಮೂರನೇ ದಿನ ಬಂದು, ಅಜ್ಜನ ಹೆಸರೇನು ಅಂತ ಕೇಳಿದಳು. ಹೇಳಿದ ಮೇಲೆ, ಅಪ್ಪ ಯಾರಿಗೆ ಹೆದರುವುದು ಅಂತ ಕೇಳಿದಳು. ಅಪ್ಪನನ್ನೇ ಕೇಳು ಅಂದೆ."

ಅಷ್ಟಮಿಯ ಕಾರ್ಯಕ್ರಮ ರಜೆಯ ದಿನ ಮಧ್ಯಾಹ್ನ, ಫಹಾಹೀಲಿನ ಒಂದು ಹಾಲಿನಲ್ಲಿ. ಧನರಾಜ್ ಮಸಿಯ ಡಬ್ಬಿ ಹಿಡಿದು ಪರದೆಯ ಹಿಂದೆ ಹುಡುಕುವಷ್ಟರಲ್ಲಿ ರೋಹಿದಾಸ ಸ್ಟೇಜಿಗೆ ಹೋಗಿ ಆಗಿತ್ತು. ಒಗೆದ ಬಿಳಿ ಅಂಗಿ, ತೊಳೆದ ಮುಖ. ಕಂಡದ್ದೇ ಜನ ನಗಲು ಶುರು.

ಅವನು ಸೊಂಟ ಬಾಗಿಸಿ, ಎಡಗಾಲು ಎಳೆದು ನಾಲ್ಕು ಹೆಜ್ಜೆ ನಡೆದ. ಶಿಳ್ಳೆ ಬಿತ್ತು. ಆಮೇಲೆ ನೆಟ್ಟಗೆ ನಿಂತ. "ಇದು ನನ್ನ ಅಪ್ಪ ನಡೆಯುತ್ತಿದ್ದ ರೀತಿ" ಎಂದ. "ಹೆಸರು ಬೊಗ್ಗು. ಬುಟ್ಟಿ ಹೆಣೆಯುತ್ತಿದ್ದ. ನಾವು ಕೊರಗರು. ಇಷ್ಟು ವರ್ಷ ನೀವು ನಕ್ಕದ್ದು ಅವನಿಗೆ, ನಗಿಸಿದ್ದು ನಾನು."

ಇಡೀ ಹಾಲ್ ಸೂರು ಕಿತ್ತುಹೋಗುವ ಹಾಗೆ ನಕ್ಕಿತು. ಮುಂದಿನ ಸಾಲಿನ ಒಬ್ಬರು ಕಣ್ಣೊರೆಸಿಕೊಂಡರು. ಇದಕ್ಕಿಂತ ದೊಡ್ಡ ತಮಾಷೆ ರೋಹಿದಾಸ ಮಾಡಿದ್ದೇ ಇಲ್ಲ ಎಂದು ಅವರ ಲೆಕ್ಕ. ಚಪ್ಪಾಳೆಯ ನಡುವೆ ಅವನು ಕಂಗಾಲಾಗಿ ಪರದೆಯ ಹಿಂದೆ ಬಂದ.

ಧನರಾಜ್ ನಗುತ್ತಲೇ ಅಪ್ಪಿಕೊಂಡ. "ಮಸಿಯೂ ಇಲ್ಲದೆ ಎಂಥ ವೇಷ ಮಾರಾಯ."

"ವೇಷ ಅಲ್ಲ ಧನರಾಜ್. ನಿಜ."

ಧನರಾಜ್ ಮುಖ ನೋಡಿದ. ಬೇಗನೆ ಅರ್ಥವಾಯಿತು, ಅವನೇನು ದಡ್ಡನಲ್ಲ. ತೋಳು ಮೆಲ್ಲ ಕೆಳಗಿಳಿಯಿತು. ಆಚೀಚೆ ನೋಡಿ ದನಿ ತಗ್ಗಿಸಿದ. "ಅವರೆಲ್ಲ ತಮಾಷೆ ಅಂತಲೇ ತಿಳಿದಿದ್ದಾರೆ. ಹಾಗೇ ಇರಲಿ. ನೀನು ಹೇಳಲಿಲ್ಲ, ನಾನು ಕೇಳಲಿಲ್ಲ. ಮದುವೆಯೂ ನಡೆಯಲಿ. ಖಲಾಸ್."

ಕೆಟ್ಟ ಮನುಷ್ಯನಲ್ಲ ಧನರಾಜ್. ತನಗೆ ತೋಚಿದ ಉಪಕಾರ ಮಾಡುತ್ತಿದ್ದ. ರೋಹಿದಾಸನಿಗೆ ಒಂದು ಗಳಿಗೆ ಹೂಂ ಎನ್ನಬೇಕೆನಿಸಿತು. ಎಷ್ಟು ಸುಲಭ, ಬಾಯಿ ಮುಚ್ಚಿಕೊಂಡರೆ ಸಾಕು. ಆದರೆ ಆ ಸುಲಭವನ್ನು ಮುಂದೆ ಅಕ್ಷಯಾ ತಿಲಕನ ಮನೆಯಲ್ಲಿ ದಿನಾ ಹೊರಬೇಕಲ್ಲ.

ಅವನು ಮತ್ತೆ ಹೊರಗೆ ಹೋಗಿ ಮೈಕು ಹಿಡಿದ. ಅದೇ ಮಾತು ಹೇಳಿದ, ನಡಿಗೆಯಿಲ್ಲದೆ, ರಾಗವಿಲ್ಲದೆ. ನಗು ಬಂತು, ಮೊದಲಿಗಿಂತ ಕಡಿಮೆ. ಅದು ಪೂರ್ತಿ ಮುಗಿಯುವವರೆಗೆ ಕಾದ. ಇನ್ನೊಮ್ಮೆ ಹೇಳಿದ. ಈ ಸಲ ಯಾರೂ ನಗಲಿಲ್ಲ. ಅವನು ಮೈಕು ಇಟ್ಟು ಮೆಟ್ಟಿಲಿಳಿದ.

ಊಟಕ್ಕೆ ಹಾಸಿದ ಚಾಪೆಯ ಮೇಲೆ ರೋಹಿದಾಸ ನಡುವಿನಲ್ಲೇ ಕೂತ. ಎಡಬಲದವರು ಕೈ ತೊಳೆಯುವ ನೆವದಲ್ಲಿ ಎದ್ದವರು ಮರಳಿ ಬರಲಿಲ್ಲ. ಧನರಾಜ್ ಆಚೆ ಸಾಲಿನಲ್ಲಿ ಬಡಿಸುತ್ತಿದ್ದ, ಈ ಕಡೆ ನೋಡಲಿಲ್ಲ. ಯಾರೋ ಅನ್ನ ಸಾರು ಬಡಿಸಿ ಅವಸರದಲ್ಲಿ ಮುಂದೆ ಹೋದರು. ಕಣ್ಣು ತುಂಬಿ ಬಂತು ರೋಹಿದಾಸನಿಗೆ, ಆದರೆ ಹಸಿವೂ ಆಗಿತ್ತು. ಚಕ್ಕಳಮಕ್ಕಳ ಹಾಕಿ ಬೆನ್ನು ನೆಟ್ಟಗೆ ಮಾಡಿಕೊಂಡು ಹೊಟ್ಟೆ ತುಂಬ ಉಂಡ.